ಕೆಂಪು ಬಾವುಟದ ದಿನ ಗೃಹಪ್ರವೇಶ

ಚಿಂತೆ ಮಾಡುವುದಕ್ಕೆ ಸಂಬಳ ಕೊಡುತ್ತಿದ್ದ ಕಾಲವೊಂದಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಎರಡು ಸಾವಿರನೇ ಇಸವಿ ಹತ್ತಿರ ಬರುತ್ತಿತ್ತು. ಇಸವಿ ಬದಲಾದ ಕ್ಷಣದಲ್ಲಿ ಕಂಪ್ಯೂಟರುಗಳಿಗೆ ತಲೆ ಕೆಟ್ಟು, ಬ್ಯಾಂಕುಗಳು ಮುಚ್ಚಿ, ಲಿಫ್ಟುಗಳು ನಡುವೆ ಸಿಕ್ಕಿಕೊಂಡು, ಪ್ರಪಂಚ ನಿಂತುಹೋಗುತ್ತದೆ ಎಂದು ದೊಡ್ಡ ದೊಡ್ಡ ಕಂಪನಿಗಳು ಹೆದರಿದ್ದವು. ತಮ್ಮ ಪರವಾಗಿ ಹೆದರಲು ನಮ್ಮಂಥವರನ್ನು ವೀಸಾ ಕೊಟ್ಟು ಕರೆಸಿಕೊಂಡಿದ್ದವು. ಅಮೆರಿಕದ ಸೀಕಾಕಸ್‌ನಲ್ಲಿ, ಹೊರಗಿನಿಂದ ನೋಡಿದರೆ ಗೋದಾಮಿನ ಹಾಗೆ ಕಾಣುವ, ಕಿಟಕಿಗಳೇ ಇಲ್ಲದ ಕಟ್ಟಡವೊಂದರಲ್ಲಿ ಕೂತು ನಾನು ದಿನವೂ ಕೆಟ್ಟದ್ದನ್ನು ಊಹಿಸುತ್ತಿದ್ದೆ. ಕರೆಂಟು ಹೋದರೆ ಏನು, ಜನರೇಟರೂ ಕೈಕೊಟ್ಟರೆ ಏನು, ಜನರೇಟರಿಗೆ ಡೀಸೆಲ್ ತರುವ ಡ್ರೈವರನಿಗೆ ಅವತ್ತೇ ಜ್ವರ ಬಂದರೆ ಏನು. ಈ ಡ್ರೈವರನ ಜ್ವರವನ್ನು ಊಹಿಸಿದ್ದಕ್ಕೆ ನನಗೆ ಒಂದು ಬಡ್ತಿಯೂ ಸಿಕ್ಕಿತು. ಆಫೀಸಿನವರು ಇದನ್ನು ದೂರದೃಷ್ಟಿ ಎನ್ನುತ್ತಿದ್ದರು. ನನ್ನ ಹೆಂಡತಿ ಇಟ್ಟಿದ್ದ ಹೆಸರು ಬೇರೆ. ಅವಳ ತಕರಾರು ಇಷ್ಟೇ: ಆಫೀಸಿನವರು ಈ ಸ್ವಭಾವಕ್ಕೆ ದುಡ್ಡು ಕೊಟ್ಟು ಸಂಜೆ ಐದಕ್ಕೆ ನನ್ನನ್ನು ಕಳಿಸಿಬಿಡುತ್ತಾರೆ, ಮಿಕ್ಕ ಹೊತ್ತು ಅವಳು ಪುಕ್ಕಟೆ ಅನುಭವಿಸಬೇಕು.

ಆ ಬೇಸಿಗೆಯಲ್ಲಿ ನಾವು ಮನೆ ಕೊಂಡೆವು. ಅಲ್ಲಿಯವರೆಗೆ ನಾವಿಬ್ಬರೂ ನಮ್ಮ ಪುಟ್ಟ ಮಗಳೂ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮೇಲಿನ ಮನೆಯ ಮಿಕ್ಸಿ ಶುರುವಾದರೆ ಇವತ್ತು ಅವರಿಗೆ ಚಟ್ನಿಯೋ ದೋಸೆಹಿಟ್ಟೋ ಎಂದು ಸದ್ದಿನಲ್ಲೇ ಹೇಳುವಷ್ಟು ಆ ಗೋಡೆಗಳ ಪರಿಚಯವಾಗಿತ್ತು. ಹೊಸ ಮನೆ ರಾಬಿನ್ಸ್‌ವಿಲ್ ದಾಟಿ ಇನ್ನೂ ದಕ್ಷಿಣಕ್ಕೆ, ಹೊಲಗಳು ಮುಗಿದು ಪೈನ್ ಕಾಡು ಶುರುವಾಗುವ ಅಂಚಿನಲ್ಲಿತ್ತು. ಹಿತ್ತಿಲಿನ ಹುಲ್ಲು, ಅದರಾಚೆ ಒಂದು ಪಟ್ಟಿ ಕಾಡು. ಮನೆ ಮಾರಿದವಳು ಆ ಕಾಡನ್ನು ತೋರಿಸಿ ‘ಪ್ರೈವೆಸಿ’ ಎಂದಳು. ನಾನು ಜಿಂಕೆ, ಅದರ ಮೈಯ ಉಣ್ಣೆಹುಳು, ಅದು ಕಚ್ಚಿದರೆ ಬರುವ ಜ್ವರ ಎಂದುಕೊಂಡೆ. ಬೆಂಕಿ ಎಂದುಕೊಳ್ಳಲಿಲ್ಲ. ವೃತ್ತಿಪರನಾಗಿ ಇದು ನನಗೆ ಈಗಲೂ ನಾಚಿಕೆಯ ವಿಷಯ.

ಗೃಹಪ್ರವೇಶಕ್ಕೆ ಅತ್ತೆ ಧಾರವಾಡದಿಂದ ಬಂದಿದ್ದರು. ಮುಹೂರ್ತ ಇದ್ದದ್ದು ಒಂದೇ, ಆ ಶನಿವಾರ ಬೆಳಿಗ್ಗೆ. ಅದು ತಪ್ಪಿದರೆ ಆಷಾಢ, ಆಷಾಢದಲ್ಲಿ ಹೊಸ ಮನೆ ಹೊಗುವ ಹಾಗಿಲ್ಲ. ಆಷಾಢ ಮುಗಿಯುವವರೆಗೆ ಅತ್ತೆ ಇಲ್ಲಿರುವ ಹಾಗೂ ಇಲ್ಲ. ಎರಡನೆಯ ಮಗಳ ಬಾಣಂತನ ಹುಬ್ಬಳ್ಳಿಯಲ್ಲಿ ಕಾಯುತ್ತಿತ್ತು, ಸೋಮವಾರ ಸಂಜೆಯ ವಿಮಾನ. ಇದರ ಜೊತೆಗೆ ಅವರದೊಂದು ಹಟ: ಮುಹೂರ್ತಕ್ಕೆ ಮೊದಲು ತಾವು ಹೊಸ್ತಿಲು ದಾಟುವುದಿಲ್ಲ. ಪ್ರತಿ ಭಾನುವಾರ ನಾವು ಮನೆ ನೋಡಿಕೊಂಡು ಬರಲು ಹೋದಾಗ ಅವರು ಕಾರಿನಲ್ಲೇ ಕೂತಿರುತ್ತಿದ್ದರು. ಕಿಟಕಿಯ ಗಾಜು ಇಳಿಸಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಗ್ಯಾರೇಜಿನ ಬಾಗಿಲನ್ನೇ ನೋಡುವುದು. ಒಳಗೆ ಹೋಗಿ ಬಂದ ಹೆಂಡತಿ ಅಡುಗೆಮನೆ ಎಷ್ಟು ಉದ್ದ, ದೇವರ ಕೋಣೆ ಎಲ್ಲಿ ಎಂದು ಕೈಯಲ್ಲಿ ಅಳತೆ ತೋರಿಸಿ ಹೇಳುವುದು, ಅವರು ತಲೆಯಾಡಿಸುವುದು. ಶನಿವಾರ ತಪ್ಪಿತೆಂದರೆ ಅತ್ತೆ ಮಗಳ ಮನೆಯ ಗ್ಯಾರೇಜಿನ ಬಾಗಿಲು ಮಾತ್ರ ನೋಡಿಕೊಂಡು ಊರಿಗೆ ಹೋಗುತ್ತಾರೆ. ಹೆಂಡತಿಗೆ ಆ ವಾರ ಸರಿಯಾಗಿ ನಿದ್ದೆ ಬರಲಿಲ್ಲ. ನನಗೆ ಯಾವ ವಾರವೂ ಬರುವುದಿಲ್ಲವಾದ್ದರಿಂದ ವ್ಯತ್ಯಾಸ ತಿಳಿಯಲಿಲ್ಲ.

ಗೃಹಪ್ರವೇಶ ಎಂದರೆ ಹೋಮ. ಅಮೆರಿಕದ ಮನೆ ಎಂದರೆ ಪ್ರತಿ ಕೋಣೆಯ ಸೂರಿನಲ್ಲೂ ಹೊಗೆ ಕಂಡರೆ ಕಿರಿಚಿಕೊಳ್ಳುವ ಅಲಾರಂ. ಇವೆರಡರ ನಡುವಿನ ವಿವಾದವನ್ನು ನಮ್ಮ ಜನ ಎಂದೋ ಬಗೆಹರಿಸಿಕೊಂಡಿದ್ದರು. ಹೋಟೆಲಿನ ಸ್ನಾನದ ಮನೆಯಲ್ಲಿಡುವ ಪ್ಲಾಸ್ಟಿಕ್ ಟೋಪಿಯನ್ನು ಒಂದೊಂದು ಅಲಾರಮಿಗೂ ತೊಡಿಸಿ, ಕಿಟಕಿ ತೆಗೆದು, ಹೋಮ ಮುಗಿಸಿ, ಊಟ ಮಾಡಿ, ಆಮೇಲೆ ಟೋಪಿ ಬಿಚ್ಚುವುದು. ಆಫೀಸಿನ ಗೆಳೆಯನೊಬ್ಬ ತನ್ನ ಗೃಹಪ್ರವೇಶದಲ್ಲಿ ಉಳಿದ ಟೋಪಿಗಳನ್ನು ಒಂದು ಕವರಿಗೆ ಹಾಕಿ, ಅಕ್ಷತೆ ಕೊಡುವ ಹಾಗೆ ನನಗೆ ಕೊಟ್ಟಿದ್ದ.

ನಾನು ಅದನ್ನು ಬಳಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಟೋಪಿ ಹಾಕಿದ ಹೊತ್ತಿನಲ್ಲೇ ನಿಜವಾದ ಬೆಂಕಿ ಹತ್ತಿದರೆ? ಇನ್ಶೂರೆನ್ಸಿನವರು ಬಂದು ಟೋಪಿ ನೋಡಿದರೆ? ಎರಡು ದಿನ ಯೋಚಿಸಿ, ಆ ಊರಿನ ಅಗ್ನಿಶಾಮಕ ಕಚೇರಿಗೆ ಫೋನು ಮಾಡಿ ಅಪ್ಪಣೆ ಕೇಳಿದೆ. ನಮ್ಮ ಪೈಕಿ ನನಗಿಂತ ಮೊದಲು ಇಂಥ ಫೋನು ಮಾಡಿದವರು ಯಾರೂ ಇಲ್ಲ ಎಂದು ಆಮೇಲೆ ತಿಳಿಯಿತು.

ಫೋನೆತ್ತಿದ ಹೆಂಗಸು ಬಹಳ ಮರ್ಯಾದೆಯಿಂದ ಏನು ಸುಡುತ್ತೀರಿ ಎಂದು ಕೇಳಿದಳು. ತುಪ್ಪ ಎಂದೆ. ತುಪ್ಪ ಎಂದರೇನು ಎಂದಳು. ಕಾಯಿಸಿದ ಬೆಣ್ಣೆ ಎಂದೆ. ಬೆಣ್ಣೆ ಸುಡುತ್ತೀರಿ ಎಂದು ಅವಳೇ ನಿಧಾನವಾಗಿ ಹೇಳಿ ಬರೆದುಕೊಂಡಳು. ಜೊತೆಗೆ ಅಕ್ಕಿ, ಕಡ್ಡಿ, ಒಣಕೊಬ್ಬರಿ ಎಂದು ಪ್ರಾಮಾಣಿಕನಾಗಿ ಸೇರಿಸಿದೆ. ಎಷ್ಟು ಹೊತ್ತು ಎಂದಳು; ಪುರೋಹಿತರು ಸಾಕು ಎನ್ನುವ ತನಕ ಎಂದೆ. ಕೊನೆಗೆ ಇದು ತಮ್ಮ ನಿಯಮಗಳಲ್ಲಿ ‘ಮನರಂಜನೆಯ ಬೆಂಕಿ’ ಎಂಬ ತಲೆಬರಹದ ಕೆಳಗೆ ಬರುತ್ತದೆಂದೂ, ಮನೆ ಮುಂದಿನ ಡ್ರೈವ್‌ವೇ ಮೇಲೆ, ಪಕ್ಕದಲ್ಲಿ ನೀರಿನ ಪೈಪು ಇಟ್ಟುಕೊಂಡು ಮಾಡಬಹುದೆಂದೂ, ಆದರೆ ಅವತ್ತು ಬೆಳಿಗ್ಗೆ ಫೋನು ಮಾಡಿ ಹವಾಮಾನ ಸರಿಯಿದೆಯೇ ಎಂದು ಕೇಳಿಯೇ ಹಚ್ಚಬೇಕೆಂದೂ ಹೇಳಿದಳು. ಗಣಹೋಮ, ನವಗ್ರಹಹೋಮ ಎರಡೂ ಮನರಂಜನೆಯಾದವು. ನಾನು ಹೆಸರು, ವಿಳಾಸ ಎಲ್ಲ ಕೊಟ್ಟೆ.

ನನ್ನ ಹೆಂಡತಿ ಮದುವೆಯಾದ ಮೇಲೆ ನನ್ನ ಮೈಸೂರು ಕನ್ನಡವನ್ನೇ ಆಡುತ್ತಾಳೆ. ಸಿಟ್ಟು ಬಂದಾಗ ಮಾತ್ರ ಧಾರವಾಡಕ್ಕೆ ವಾಪಸು ಹೋಗುತ್ತಾಳೆ.

‘ಯಾರು ಕೇಳಂದ್ರು ನಿಮಗ?’ ಎಂದಳು.

ಆ ವಾರ ಬಿಸಿಲು ಜೀವ ತೆಗೆಯುತ್ತಿತ್ತು. ಮಳೆ ಬಂದು ಎಷ್ಟೋ ಕಾಲವಾಗಿತ್ತು. ಹುಲ್ಲಿಗೆ ನೀರು ಬಿಡಬಾರದು, ಕಾರು ತೊಳೆಯಬಾರದು ಎಂದು ಆಜ್ಞೆ. ದಕ್ಷಿಣದ ಪೈನ್ ಕಾಡುಗಳಲ್ಲಿ ಎಲ್ಲೋ ಬೆಂಕಿ ಬಿದ್ದು, ಒಮ್ಮೊಮ್ಮೆ ಟರ್ನ್‌ಪೈಕ್ ಹೆದ್ದಾರಿಯ ಮೇಲೆ ಕಾರಿನೊಳಗೂ ಹೊಗೆಯ ವಾಸನೆ. ಶುಕ್ರವಾರ ಬೆಳಿಗ್ಗೆ ಟೀವಿಯ ಹವಾಮಾನದವನು ನಗುನಗುತ್ತ ಶುಭವಾರ್ತೆ ಕೊಟ್ಟ: ರಾತ್ರಿ ಕೋಲ್ಡ್ ಫ್ರಂಟ್ ಬರುತ್ತದೆ, ಸೆಕೆ ಮುಗಿಯಿತು. ನನಗೆ ತಿಳಿದಿದ್ದ ತಂಪುಗಾಳಿ ಒಂದೇ, ಮಳೆಯ ಮುಂಚೆ ಬೀಸುವುದು. ಅತ್ತೆಗೆ ತಿಳಿದಿದ್ದದ್ದೂ ಅದೇ. ‘ತಂಪು ಗಾಳಿ ಬಂತಂದ್ರ ಹಿಂದ ಮಳಿ ಬರೂದ’ ಎಂದರು. ನಾನು ಆಫೀಸಿನಿಂದ ಬರುತ್ತ ಶಾಮಿಯಾನದಂಥ ಒಂದು ದೊಡ್ಡ ಡೇರೆ ಬಾಡಿಗೆಗೆ ತಂದೆ, ಹೋಮಕುಂಡ ನೆನೆಯಬಾರದೆಂದು. ಸೌದೆಗೆ ಹೊದಿಸಲು ಪ್ಲಾಸ್ಟಿಕ್ ತಂದೆ. ಬರುವ ನೆಂಟರಿಷ್ಟರಿಗೆಂದು ಛತ್ರಿಗಳನ್ನೂ ಒಟ್ಟುಮಾಡಿದೆ. ಮಳೆಯ ವಿರುದ್ಧ ನನ್ನ ಸಿದ್ಧತೆಯಲ್ಲಿ ಒಂದು ಹುಳುಕೂ ಇರಲಿಲ್ಲ.

ರಾತ್ರಿ ಊಟವಾದ ಮೇಲೆ ಟೀವಿಯ ತಳದಲ್ಲಿ ಅಕ್ಷರಗಳು ಓಡತೊಡಗಿದವು: ರೆಡ್ ಫ್ಲಾಗ್ ವಾರ್ನಿಂಗ್. ಬರುತ್ತಿರುವ ಗಾಳಿ ತಂಪು, ಆದರೆ ಒಣ; ಜೋರು, ಆದರೆ ಮಳೆಯಿಲ್ಲ; ಎಲ್ಲಾದರೂ ಕಿಡಿ ಬಿದ್ದರೆ ಬೆಂಕಿಯನ್ನು ತಡೆಯುವುದು ಕಷ್ಟ. ಹವಾಮಾನದವನು ಇನ್ನೂ ನಗುತ್ತಲೇ ಇದ್ದ.

ಶನಿವಾರ ಬೆಳಿಗ್ಗೆ ನಾವು ಹೊಸ ಮನೆ ತಲುಪಿದಾಗ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಗಾಳಿ ಮಾತ್ರ ಯಾರ ಮೇಲೋ ಹಗೆ ತೀರಿಸಿಕೊಳ್ಳಲು ಹೊರಟ ಹಾಗೆ ಬೀಸುತ್ತಿತ್ತು. ನಾನು ಕೊಟ್ಟ ಮಾತಿನಂತೆ ಫೋನು ಮಾಡಿದೆ. ಅದೇ ಹೆಂಗಸು. ಇವತ್ತು ಹೊರಗೆ ಕಟ್ಟಿಗೆಯ ಬೆಂಕಿ ಯಾವುದೂ ಕೂಡದು, ಬೆಣ್ಣೆಯದೂ ಕೂಡದು ಎಂದಳು. ಕೇಳಿದ್ದಕ್ಕೆ ಥ್ಯಾಂಕ್ಸ್, ಬಹಳ ಜನ ಕೇಳುವುದೇ ಇಲ್ಲ ಎಂದೂ ಹೇಳಿದಳು. ಈ ಕೊನೆಯ ಮಾತನ್ನು ನಾನು ಹೆಂಡತಿಗೆ ಹೇಳಬಾರದಿತ್ತು.

‘ಅಕಿನ ಹೇಳ್ಯಾಳಲ್ಲ, ಯಾರೂ ಕೇಳೂದಿಲ್ಲಂತ.’

ಒಳಗೇ ಮಾಡೋಣ, ಟೋಪಿಗಳು ಎಲ್ಲಿ ಎಂದು ಅವಳು ಕೇಳಿದಳು. ಈಗ ಕಾಲ ಮಿಂಚಿತು ಎಂದು ನಾನು ವಿವರಿಸಿದೆ: ಅವರ ಹತ್ತಿರ ನಮ್ಮ ವಿಳಾಸವಿದೆ, ಇವತ್ತು ಊರಿನ ಅಷ್ಟೂ ಫೈರ್ ಇಂಜಿನ್ನುಗಳು ಬಾಗಿಲಲ್ಲೇ ಸಿದ್ಧವಾಗಿ ನಿಂತಿವೆ, ನಮ್ಮ ಕಿಟಕಿಯಿಂದ ಒಂದೆಳೆ ಹೊಗೆ ಹೊರಬಂದರೆ ಅವೆಲ್ಲ ಇಲ್ಲಿಗೇ ಬರುತ್ತವೆ. ಅವಳು ಮುಖ ತಿರುಗಿಸಿ ಅಮ್ಮನನ್ನು ನೋಡಿದಳು. ಅತ್ತೆ ಕಾರಿನಲ್ಲಿ ತಮ್ಮ ಎಂದಿನ ಜಾಗದಲ್ಲಿ, ರೇಷ್ಮೆ ಸೀರೆಯುಟ್ಟು, ತೊಡೆಯ ಮೇಲೆ ಬೆಳ್ಳಿಯ ಪುಟ್ಟ ಹಸು ಇಟ್ಟುಕೊಂಡು ಕೂತಿದ್ದರು. ಆಗ ನನಗೆ, ಅವರಿಗೆ ಇದನ್ನು ಹೇಳುವುದು ಹೇಗೆ ಎಂಬ ಚಿಂತೆ ಹತ್ತಿತು. ಇದು ನನ್ನ ಮಾಮೂಲಿ ಚಿಂತೆಗಳ ಜಾತಿಯದಾಗಿರಲಿಲ್ಲ.

ನಮ್ಮನ್ನು ಪಾರು ಮಾಡಿದವರು ಭಟ್ಟರು. ವಾರದ ದಿನಗಳಲ್ಲಿ ಅವರು ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದರು, ಶನಿವಾರ ಭಾನುವಾರ ಪೌರೋಹಿತ್ಯ. ಗಾಳಿಗೆ ಹಾರುತ್ತಿದ್ದ ಉತ್ತರೀಯವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಸಮಸ್ಯೆಯನ್ನು ಪೂರ್ತಿ ಕೇಳಿದರು.

‘ಶಾಸ್ತ್ರದಲ್ಲಿ ವರ್ಕ್‌ಅರೌಂಡ್ ಇದೆ ಸಾರ್. ಸಂಕಲ್ಪ ಮಾಡ್ಬಿಡೋಣ, ಹೋಮ ಆಮೇಲೆ ಒಂದಿನ ನೋಡ್ಕೊಳ್ಳೋಣ. ಹೊಸ್ತಿಲು ಪೂಜೆ ಆಗಿ, ಬಲಗಾಲಿಟ್ಟು ಒಳಗೆ ಹೋಗಿ ಹಾಲುಕ್ಕಿದ್ರೆ ಪ್ರವೇಶ ಆದಂಗೇ.’

ಅತ್ತೆ ಕಾರಿನಿಂದ ಇಳಿದರು. ಬಾಗಿಲ ಮುಂದೆ ಅವರು ಹಾಕಿದ ರಂಗೋಲಿ ಒಂದು ಎಳೆ ಮುಗಿಯುವಷ್ಟರಲ್ಲಿ ಪಕ್ಕದ ಮನೆಗೆ ಹೋಗುತ್ತಿತ್ತು. ಹಿಟ್ಟಿಗೆ ನೀರು ಕಲಸಿ, ಕಾಂಕ್ರೀಟಿನ ಮೇಲೆ ಬೆರಳಿನಿಂದ ಎಳೆದರು. ತೋರಣ ಹಾರಿಹೋಗಿ ಅಂಚೆ ಡಬ್ಬಿಗೆ ಸುತ್ತಿಕೊಂಡಿತು; ಅಲ್ಲೇ ಇರಲಿ, ಅದೂ ಮನೆಯದೇ ಎಂದರು. ಹೊಸ್ತಿಲ ಪೂಜೆಯಾಯಿತು. ಹೆಂಡತಿ, ನಾನು, ಮಗಳು, ಹಿಂದೆ ಅತ್ತೆ, ಎಲ್ಲರೂ ಬಲಗಾಲಿಟ್ಟು ಒಳಗೆ ಹೋದೆವು. ಅಡುಗೆಮನೆಯಲ್ಲಿ ಎಲೆಕ್ಟ್ರಿಕ್ ಒಲೆ, ಸುರುಳಿ ಸುತ್ತಿದ ಕಾಯಿಲ್‌ನದು. ಹಾಲು ಸಾಲದೆ ಹೋದರೆ ಎಂದು ನಾನು ಇಡೀ ಗ್ಯಾಲನ್, ಹತ್ತಿರ ಹತ್ತಿರ ನಾಲ್ಕು ಲೀಟರ್, ತಂದಿದ್ದೆ. ಅದನ್ನೆಲ್ಲ ಹಿಡಿಯಲು ಅನ್ನ ಮಾಡುವ ದೊಡ್ಡ ಪಾತ್ರೆ ಇಟ್ಟೆವು. ಎಲ್ಲರೂ ಸುತ್ತ ನಿಂತು ಹಾಲು ನೋಡತೊಡಗಿದೆವು. ಹಾಲು ಫ್ರಿಜ್ಜಿನಲ್ಲಿದ್ದಷ್ಟೇ ಶಾಂತವಾಗಿತ್ತು.

ಆಗ ರಸ್ತೆಯಲ್ಲಿ ಧ್ವನಿವರ್ಧಕದ ಸದ್ದು ಕೇಳಿಸಿತು.

ಕಾಡಿನ ಪಟ್ಟಿಯ ಆಚೆ ಹುಲ್ಲಿಗೆ ಬೆಂಕಿ ಬಿದ್ದಿತ್ತು. ಯಾರೋ ಎಸೆದ ಸಿಗರೇಟು ಎಂದು ಆಮೇಲೆ ಕೆಲವರು, ಗಾಳಿಗೆ ತಂತಿ ತಾಗಿ ಕಿಡಿ ಎಂದು ಕೆಲವರು. ಗಾಳಿ ಆ ಕಡೆಯಿಂದ ನಮ್ಮ ಕಡೆಗೇ ಇತ್ತು. ಕಿಟಕಿಯಿಂದ ನೋಡಿದರೆ ಪೈನ್ ಮರಗಳ ತಲೆಯ ಮೇಲೆ ಕಂದು ಹೊಗೆ ಓರೆಯಾಗಿ ಹರಿಯುತ್ತಿತ್ತು. ಪೊಲೀಸರು ಮನೆಮನೆಗೂ ಬಂದು, ಮುನ್ನೆಚ್ಚರಿಕೆಗಾಗಿ ಎಲ್ಲರೂ ಹೊರಡಿ, ಮುಖ್ಯವಾದದ್ದನ್ನು ಮಾತ್ರ ತೆಗೆದುಕೊಳ್ಳಿ ಎನ್ನುತ್ತಿದ್ದರು. ಎದುರು ಮನೆಯವರು ಫೋಟೋ ಆಲ್ಬಮ್ಮುಗಳನ್ನೂ ಬೋನಿನಲ್ಲಿ ಬೆಕ್ಕನ್ನೂ ಹೊರಗೆ ತರುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಭಟ್ಟರು ತೆಂಗಿನಕಾಯಿ ಚೀಲ ಹೊತ್ತು ಒಳಗೆ ಬರುತ್ತಿದ್ದರು. ಮನೆ ಬಿಟ್ಟು ಓಡುವುದು ಹೇಗೆ ಎಂದು ವರ್ಷಗಟ್ಟಲೆ ಪುಟಗಟ್ಟಲೆ ಬರೆದ ನನ್ನ ಬಳಿ, ಆ ಮನೆಯಿಂದ ಹೊರಗೆ ಒಯ್ಯುವಂಥದ್ದು ಒಂದು ಸೂಜಿಯೂ ಇರಲಿಲ್ಲ.

ಬಾಗಿಲಲ್ಲಿ ನಿಂತ ಪೊಲೀಸು ಎತ್ತರದ ಆಸಾಮಿ, ವಯಸ್ಸು ಹೆಚ್ಚಿಲ್ಲ. ಇಲ್ಲಿ ವಾಸವಾಗಿದ್ದೀರಾ ಎಂದು ಕೇಳಿದ. ಇನ್ನೂ ಇಲ್ಲ ಎಂದೆ. ಹಾಗಾದರೆ ಸುಲಭ, ಹೊರಡಿ ಎಂದ. ನಾನು ಹೊರಟೇಬಿಟ್ಟಿದ್ದೆ, ಕಾರಿನ ಕೀಲಿಕೈ ಕೈಯಲ್ಲೇ ಇತ್ತು. ಹೆಂಡತಿ ಕದಲಲಿಲ್ಲ. ಒಲೆಯ ಪಕ್ಕದ ಕಟ್ಟೆಯನ್ನು ಹಿಡಿದು ನಿಂತು, ಹಾಲು ಉಕ್ಕದೆ ತಾನು ಬರುವುದಿಲ್ಲ ಎಂದಳು. ಅವನಿಗೆ ಅರ್ಥವಾಗುವಂತೆ ಇದನ್ನು ಹೇಳುವುದು ಹೇಗೆ ಎಂದು ನಾನು ಇಂಗ್ಲಿಷಿನಲ್ಲಿ ಹುಡುಕುತ್ತಿರುವಾಗ ಮಗಳು ಹೇಳಿಬಿಟ್ಟಳು.

‘ದ ಮಿಲ್ಕ್ ಹ್ಯಾಸ್ ಟು ಸ್ಪಿಲ್. ದೆನ್ ವೀ ಕ್ಯಾನ್ ಗೋ.’

ಅವನು ಪಾತ್ರೆಯನ್ನೂ ಅತ್ತೆಯನ್ನೂ ನೋಡಿದ. ಬೇಕೆಂದೇ ಚೆಲ್ಲಬೇಕೇ ಎಂದು ಕೇಳಿದ. ಮಗಳು ಹೌದು ಎಂದಳು. ರಸ್ತೆಯ ಕೊನೆಯ ತನಕ ಹೋಗಿ ಬರುತ್ತೇನೆ, ಅಷ್ಟರಲ್ಲಿ ನೀವು ಕಾರಿನಲ್ಲಿರಬೇಕು ಎಂದು ಹೇಳಿ ಹೋದ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ‘ಇಷ್ಟ ದೊಡ್ಡ ಬೋಗಾಣಿ ಯಾರು ಇಟ್ಟವರು? ಇದು ಉಕ್ಕೂದ್ರಾಗ ಶ್ರಾವಣ ಬರ್ತದ’ ಎಂದು, ಪೂಜೆಯ ಸಾಮಾನಿನಲ್ಲಿದ್ದ ಒಂದು ಸಣ್ಣ ಸ್ಟೀಲ್ ಲೋಟ ತೆಗೆದು, ಕಂಠಮಟ್ಟ ಹಾಲು ತುಂಬಿ, ದೊಡ್ಡ ಪಾತ್ರೆಯನ್ನು ಇಳಿಸಿ, ಕೆಂಡದಂತಾಗಿದ್ದ ಕಾಯಿಲ್ ಮೇಲೆ ಅದನ್ನು ಇಟ್ಟರು. ಭಟ್ಟರು ಮಂತ್ರದ ವೇಗ ಹೆಚ್ಚಿಸಿದರು. ಹೊಗೆಯ ವಾಸನೆ ಈಗ ಒಳಗೂ ಬರುತ್ತಿತ್ತು. ಲೋಟದ ಅಂಚಿನಲ್ಲಿ ನೊರೆ ಕಟ್ಟಿತು, ಎದ್ದಿತು, ಪೂರ್ವಕ್ಕೇ ಬಾಗಿ ಚೆಲ್ಲಿತು. ಚುರ್ ಎಂದು ಸುಟ್ಟ ಹಾಲಿನ ಘಾಟು. ಅತ್ತೆ ಸೆರಗಿನಲ್ಲಿ ಲೋಟ ಹಿಡಿದು ಇಳಿಸಿ, ಹಸುವಿನ ಮುಂದೆ ಇಟ್ಟು ಕೈ ಮುಗಿದರು.

‘ಆತು. ಇನ್ನ ನಡೀರಿ’ ಎಂದರು.

ಹೆದ್ದಾರಿಯ ಆ ಕಡೆ ಇದ್ದ ದಿನಸಿ ಅಂಗಡಿಯೊಂದರ ಪಾರ್ಕಿಂಗ್ ಲಾಟಿನಲ್ಲಿ ನಮ್ಮ ರಸ್ತೆಯವರೆಲ್ಲ ಸೇರಿದ್ದರು. ಊಟಕ್ಕೆ ಬಂದ ನಮ್ಮ ಗೆಳೆಯರನ್ನೂ ಪೊಲೀಸರು ತಡೆದು ಅಲ್ಲಿಗೇ ಕಳಿಸಿದರು. ಆರ್ಡರ್ ಕೊಟ್ಟು ಮಾಡಿಸಿದ್ದ ಬಿಸಿಬೇಳೆಬಾತು, ಹೋಳಿಗೆ ಎಲ್ಲ ನಮ್ಮ ಕಾರಿನ ಹಿಂಬದಿಯಲ್ಲೇ ಇತ್ತು. ಮಳೆಗೆಂದು ತಂದ ಡೇರೆಯನ್ನು ಬಿಸಿಲಿಗೆ ಹಾಕಲು ಇಬ್ಬರು ಗೆಳೆಯರು ಪ್ರಯತ್ನಿಸಿ, ಗಾಳಿಯ ಜೊತೆ ಸ್ವಲ್ಪ ದೂರ ಹೋಗಿ ವಾಪಸು ಬಂದರು. ಎದುರು ಮನೆಯ ಬೆಕ್ಕಿನವರು ಹೋಳಿಗೆ ತಿಂದು ಇದು ಯಾವ ಹಬ್ಬ ಎಂದು ಕೇಳಿದರು. ಮನೆಗೆ ಬಂದ ಹಬ್ಬ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು.

ಎಲ್ಲರೂ ಹೊಗೆಯ ಕಡೆ ನೋಡುತ್ತಿದ್ದರು. ವಿಚಿತ್ರವೆಂದರೆ ನನಗೆ ಎಷ್ಟೋ ವರ್ಷಗಳ ಮೇಲೆ ಮನಸ್ಸು ಹಗುರವಾಗಿತ್ತು. ಆಗಬಹುದಾದ್ದೆಲ್ಲ ಆಗುತ್ತಿತ್ತು, ಹೊಸದಾಗಿ ಊಹಿಸಲು ಏನೂ ಉಳಿದಿರಲಿಲ್ಲ. ಎರಡನೆಯ ಹೋಳಿಗೆಗೆ ಕೈ ಹಾಕಿದಾಗ ನೆನಪಾಯಿತು: ಒಲೆ ಆರಿಸಿದವರು ಯಾರು?

ಅಮ್ಮ ಆರಿಸಿದ್ದಾಳೆ ಎಂದು ಹೆಂಡತಿ ಅಂದುಕೊಂಡಿದ್ದಳು. ಅತ್ತೆಗೆ ಆ ಗುಂಡಿಯನ್ನು ಯಾವ ಕಡೆ ತಿರುಗಿಸಬೇಕೆಂದೇ ಗೊತ್ತಿರಲಿಲ್ಲ. ಭಟ್ಟರು ಅದು ಯಜಮಾನರ ಕೆಲಸ ಎಂದುಕೊಂಡಿದ್ದರು. ಮಗಳನ್ನು ಕೇಳಿದರೆ ‘ನಾಟ್ ಮೀ’ ಎಂದಳು. ಹೊರಡುವಾಗ ಕೊನೆಗೆ ಬಂದು ಬಾಗಿಲಿಗೆ ಬೀಗ ಹಾಕಿ, ಬಿದ್ದಿದೆಯೇ ಎಂದು ಮೂರು ಸಲ ಎಳೆದು ನೋಡಿದವನು ನಾನು.

ರಸ್ತೆಗೆ ಅಡ್ಡಗಟ್ಟಿ ನಿಂತಿದ್ದವನು ಅದೇ ಪೊಲೀಸು. ಓಡಿಹೋಗಿ ಹೇಳಿದೆ. ಯಾರನ್ನೂ ಒಳಗೆ ಬಿಡುವ ಹಾಗಿಲ್ಲ ಎಂದ. ನಾನು ಅಲ್ಲೇ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ: ಅಲ್ಲಿ ಕಾಡು ಉರಿಯುತ್ತಿದೆ, ನೀವು ಒಲೆಯ ಚಿಂತೆ ಮಾಡುತ್ತಿದ್ದೀರಾ? ಹೌದು ಎಂದೆ. ಕಾಡಿನ ಬೆಂಕಿ ಆರಿಸಲು ಇಷ್ಟು ಜನ ಇದ್ದಾರೆ, ಒಲೆಯದಕ್ಕೆ ನಾನೊಬ್ಬನೇ ಎಂದೂ ಹೇಳಿದೆ. ಅವನು ನಕ್ಕ. ಆದರೆ ಬಿಡಲಿಲ್ಲ.

ವಾಪಸು ಬಂದಾಗ ಹೆಂಡತಿ ಕಾರಿನ ಬಾನೆಟ್ಟಿಗೆ ಒರಗಿ ನಿಂತಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬಂದಿದ್ದರೆ, ಅವಳಿಗೆ ನನ್ನ ಮೇಲೆ ಬಂದಿದ್ದರೆ, ಆಗ ಜಗಳಕ್ಕೆ ಒಳ್ಳೆಯ ಸಮಯವಿತ್ತು. ಇಬ್ಬರೂ ಜಗಳ ತೆಗೆಯಲಿಲ್ಲ. ಅವಳು ಮೆಲ್ಲಗೆ, ‘ಅವ್ವಾ, ಮನೆ ಪೂರ್ತಿ ನೋಡಲೇ ಇಲ್ಲವಲ್ಲ ನೀನು’ ಎಂದಳು.

ಅತ್ತೆ ಮಡಿಸುವ ಕುರ್ಚಿಯಲ್ಲಿ ಕೂತು, ಹಸುವನ್ನು ಸೆರಗಿನಿಂದ ಒರೆಸುತ್ತಿದ್ದರು. ‘ಅಡಿಗಿಮನಿ ನೋಡೇನಲ್ಲ. ಉದ್ದ ನೀ ಹೇಳಿದಷ್ಟ ಇಲ್ಲ’ ಎಂದರು. ಹೆಂಡತಿ ನಗಲು ಹೋಗಿ ಅತ್ತಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಗಾಳಿ ಇಳಿಯಿತು. ಬೆಂಕಿಯನ್ನು ಕಾಡಿನ ಆಚೆಯ ರಸ್ತೆಯಲ್ಲೇ ತಡೆದಿದ್ದರು. ನಮ್ಮ ಕಡೆ ಒಂದು ಮರವೂ ಸುಡಲಿಲ್ಲ. ಹೋಗಬಹುದು ಎಂದು ಬಿಟ್ಟಾಗ ನಾನು ಎಲ್ಲರಿಗಿಂತ ಮುಂದೆ ಹೋಗಿ ಬಾಗಿಲು ತೆಗೆದೆ. ಅಡುಗೆಮನೆಯಲ್ಲಿ ಯಾರೂ ಇಲ್ಲದೆ, ಮೇಲೆ ಪಾತ್ರೆಯೂ ಇಲ್ಲದೆ, ಕಾಯಿಲ್ ಬೆಳಗಿನಿಂದ ಕೆಂಪಗೆ ಉರಿಯುತ್ತ ಕೂತಿತ್ತು. ರೆಡ್ ಫ್ಲಾಗ್ ವಾರ್ನಿಂಗಿನ ದಿನ ನಮ್ಮ ಇಡೀ ರಸ್ತೆಯಲ್ಲಿ ಉರಿದ ಬೆಂಕಿ ಅದೊಂದೇ. ನಾನು ಆರಿಸಲು ಹೋದೆ. ಹಿಂದೆ ಬಂದ ಅತ್ತೆ ತಡೆದು, ಒಂದು ಚಿಟಿಕೆ ಅಕ್ಷತೆ ಅದರ ಮೇಲೆ ಹಾಕಿ, ಇನ್ನ ಆರಿಸ್ರಿ ಎಂದರು. ಭಟ್ಟರನ್ನು ಫೋನಿನಲ್ಲಿ ಕೇಳಿದಾಗ, ಇದನ್ನು ಹೋಮವೆಂದು ಒಪ್ಪಿಕೊಳ್ಳಲು ಬರುವುದಿಲ್ಲ, ಆದರೆ ಆಕ್ಷೇಪವೂ ಇಲ್ಲ ಎಂದು ಟೆಸ್ಟಿಂಗ್ ವಿಭಾಗದವರ ಭಾಷೆಯಲ್ಲಿ ಹೇಳಿದರು.

ಆಮೇಲೆ ಹೆಂಡತಿ ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ನಾನು ಕೆಳಗೆ ಸುಟ್ಟ ಹಾಲನ್ನು ಕೆರೆಯುತ್ತಿದ್ದೆ. ಮೇಲೆ ಖಾಲಿ ಕೋಣೆಗಳಲ್ಲಿ ಇಬ್ಬರ ಹೆಜ್ಜೆಯ ಸದ್ದು. ಬಾಗಿಲು ತೆಗೆಯುವುದು, ಕಪಾಟು ತೆಗೆಯುವುದು, ನಲ್ಲಿ ತಿರುಗಿಸುವುದು. ಇಬ್ಬರೂ ಪೂರ್ತಿ ಧಾರವಾಡದಲ್ಲಿದ್ದರು, ಆದರೆ ಸಿಟ್ಟಿನ ಸುಳಿವಿರಲಿಲ್ಲ. ಕೊನೆಗೆ ಒಂದು ಕಿಟಕಿ ಕರಕರ ಎಂದು ಮೇಲೇರಿತು. ಹೊಗೆ ಒಳಗೆ ಬರುತ್ತದೆ, ಮುಚ್ಚಿಬಿಡಿ ಎಂದು ನಾನು ಕೆಳಗಿನಿಂದ ಕೂಗಿದೆ.

‘ಇರವಲ್ಲದ್ಯಾಕ, ತಂಪ ಗಾಳಿ ಬರಾಕತ್ತದ’ ಎಂದು ಅತ್ತೆಯ ಧ್ವನಿ ಬಂತು. ‘ಇಲ್ಲೇ ಎರಡು ರಾತ್ರಿ ಮಲಗತೀನಿ. ಹಾಸಿಗಿ ಒಂದು ತಂದು ಹಾಕ್ರಿ.’